ಕಾಜಿರಂಗದಲ್ಲಿ ಮೂರು ಜೀಪು ಸವಾರಿ

ಅಸ್ಸಾಮಿನ ಕಾಜಿರಂಗ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವವರು ಘೇಂಡಾಮೃಗ ಕಾಣಿಸುತ್ತದೋ ಇಲ್ಲವೋ ಎಂದು ಅಂಜಬೇಕಾಗಿಲ್ಲ. ಭದ್ರಾ ಅಭಯಾರಣ್ಯಕ್ಕೋ ನಾಗರಹೊಳೆಗೋ ಹುಲಿ ನೋಡಲೆಂದು ಹೋಗಿ, ಮೂರು ಗಂಟೆ ಧೂಳು ಕುಡಿದು, ಜಿಂಕೆ ಮತ್ತು ನವಿಲುಗಳನ್ನು ಎಣಿಸಿಕೊಂಡು ಹಿಂದಿರುಗಿದ ಅನುಭವ ದಾವಣಗೆರೆಯ ಬಹಳಷ್ಟು ಮನೆಗಳಲ್ಲಿ ಇದೆ. ನಮ್ಮ ಮನೆಯಲ್ಲಿಯೂ ಇದೆ. ಕಾಜಿರಂಗದಲ್ಲಿ ನಮಗೆ ಮೊದಲ ಘೇಂಡಾಮೃಗ ಕಂಡದ್ದು ಟಿಕೆಟ್ ಕೊಳ್ಳುವುದಕ್ಕೂ ಮುಂಚೆ, ಉದ್ಯಾನದ ಪಶ್ಚಿಮ ವಲಯವಾದ ಬಾಗೊರಿಯ ಬಳಿ ಹೆದ್ದಾರಿಯ ಪಕ್ಕದಲ್ಲಿ ಕಾರು ನಿಲ್ಲಿಸಿ ಇಳಿದಾಗ. ದೂರದ ಹುಲ್ಲುಗಾವಲಿನಲ್ಲಿ ಬೂದುಬಣ್ಣದ ಬಂಡೆಯಂತಿದ್ದದ್ದು ತಲೆಯೆತ್ತಿತು, ಅಷ್ಟೆ. ಪ್ರಾಣಿ ಇಷ್ಟು ಸುಲಭವಾಗಿ ಸಿಗುವ ಜಾಗದಲ್ಲಿ ಪ್ರವಾಸವನ್ನು ಬೇರೆ ಕಲ್ಲಿನಿಂದ ತೂಗಬೇಕಾಗುತ್ತದೆ: ಕಂಡದ್ದನ್ನು ನೋಡಲು ಎಷ್ಟು ಹೊತ್ತು ಸಿಕ್ಕಿತು, ತೋರಿಸಿದವರಿಗೆ ಎಷ್ಟು ಗೊತ್ತಿತ್ತು, ಇನ್ನೊಮ್ಮೆ ಒಳಗೆ ಹೋಗಬೇಕೆನಿಸಿತೇ. ಈ ಬರಹ ಆ ಲೆಕ್ಕದ್ದು.

ನಾನು ದಾವಣಗೆರೆಯ ಎಪಿಎಂಸಿ ಯಾರ್ಡಿನ ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಪ್ರತಿ ಖರ್ಚಿಗೂ ಚೀಟಿ ಇಟ್ಟುಕೊಳ್ಳುವುದು ಅಭ್ಯಾಸವಾಗಿ ಹೋಗಿದೆ. ಕಳೆದ ಫೆಬ್ರವರಿಯಲ್ಲಿ ನಾವು ನಾಲ್ವರು ಹೋಗಿದ್ದೆವು: ನಾನು, ನನ್ನ ಹೆಂಡತಿ, ಏಳನೆಯ ತರಗತಿಯ ಮಗಳು, ಮತ್ತು ಹರಿಹರ ತಾಲ್ಲೂಕಿನಲ್ಲಿ ಭದ್ರಾ ನಾಲೆಯ ನೀರಿಗೆ ಭತ್ತ ಬೆಳೆಯುವ ಎಪ್ಪತ್ತನಾಲ್ಕು ವರ್ಷದ ನನ್ನ ತಂದೆ. ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ಮೂರು ಗಂಟೆಯ ವಿಮಾನದಲ್ಲಿ ಗುವಾಹಟಿ, ಅಲ್ಲಿಂದ ನಗಾಂವ್ ಮಾರ್ಗವಾಗಿ ಉದ್ಯಾನದ ಮಧ್ಯ ವಲಯವಿರುವ ಕೊಹೊರಾಗೆ ಸುಮಾರು 220 ಕಿಲೋಮೀಟರ್ ಕಾರು. ಜೋರ್‌ಹಾಟ್ ವಿಮಾನ ನಿಲ್ದಾಣದಿಂದಾದರೆ ನೂರು ಕಿಲೋಮೀಟರಿಗೂ ಕಡಿಮೆ. ಆದರೆ ನಮ್ಮ ಕಡೆಯಿಂದ ಹೋಗುವವರಿಗೆ ಗುವಾಹಟಿಯ ವಿಮಾನಗಳೇ ಹೊಂದುತ್ತವೆ. ವಯಸ್ಸಾದವರು ಜೊತೆಯಲ್ಲಿದ್ದರೆ ಗುವಾಹಟಿಯಲ್ಲಿ ಒಂದು ರಾತ್ರಿ ತಂಗಿ ಮರುದಿನ ಹೊರಡುವುದು ಒಳ್ಳೆಯದು. ನಾವು ಹಾಗೆ ಮಾಡದೆ ಒಂದೇ ಉಸಿರಿಗೆ ಹೋದದ್ದರಿಂದ ಮೊದಲ ದಿನವಿಡೀ ಅಪ್ಪನ ಮುಖದಲ್ಲಿ ಕಾಜಿರಂಗದ ಬದಲು ನಿದ್ದೆಯೇ ಕಾಣುತ್ತಿತ್ತು.

ಅಸ್ಸಾಮಿನಲ್ಲಿ ಗಡಿಯಾರ ನಮ್ಮದೇ, ಸೂರ್ಯ ಬೇರೆ. ದಾವಣಗೆರೆಯಲ್ಲಿ ಮಕ್ಕಳು ಇನ್ನೂ ಬೀದಿಯಲ್ಲಿ ಆಡುತ್ತಿರುವ ಸಂಜೆ ಐದೂವರೆಗೆ ಅಲ್ಲಿ ದೀಪ ಹಚ್ಚಿಯಾಗಿರುತ್ತದೆ. ಅಲ್ಲಿನ ಚಹಾ ತೋಟಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಂಡು ಕೆಲಸ ಮಾಡುವ ಪದ್ಧತಿ ಬ್ರಿಟಿಷರ ಕಾಲದಿಂದ ಇದೆಯಂತೆ. ಎರಡು ದಿನ ಇದ್ದರೆ ಅದರ ಕಾರಣ ತಾನಾಗಿಯೇ ತಿಳಿಯುತ್ತದೆ. ಮಧ್ಯಾಹ್ನದ ಸವಾರಿ ನಮ್ಮ ಊಟದ ಹೊತ್ತಿಗೇ ಶುರುವಾಗುವುದರಿಂದ ಹನ್ನೆರಡಕ್ಕೆ ಊಟ ಮುಗಿಸಿಕೊಳ್ಳಬೇಕು. ಬೆಳಗಿನ ಸವಾರಿಗೆ ಮಂಜು ಹಾಗೂ ಚಳಿ. ತೆರೆದ ಜೀಪು ಓಡುವಾಗ ಬೀಸುವ ಗಾಳಿ ಮೂಳೆಗೆ ತಾಗುತ್ತದೆ. ದಾವಣಗೆರೆಯ ಚಳಿಗಾಲವನ್ನು ನಂಬಿ ಒಂದು ತೆಳು ಸ್ವೆಟರ್ ಮಾತ್ರ ತಂದಿದ್ದ ನಾನು, ಅಪ್ಪ ಊರಿನಿಂದ ಹೊತ್ತು ತಂದಿದ್ದ ಕಂಬಳಿಯಲ್ಲಿ ಪಾಲು ಕೇಳಬೇಕಾಯಿತು. ವಿಮಾನಕ್ಕೆ ಕಂಬಳಿ ಏಕೆ ಎಂದು ಮನೆಯಲ್ಲಿ ಅವರನ್ನು ಗೇಲಿ ಮಾಡಿದ್ದವನೂ ನಾನೇ.

ಪ್ರವಾಸದ ಕೆಟ್ಟ ಭಾಗವನ್ನು ಮೊದಲು ಮುಗಿಸುತ್ತೇನೆ. ಬೆಂಗಳೂರಿನ ಒಂದು ಪ್ರವಾಸಿ ಸಂಸ್ಥೆಯ ಮೂಲಕ ನಾವು ವಸತಿ, ಕಾರು ಮತ್ತು ಒಂದು ಜೀಪು ಸವಾರಿ ಸೇರಿದ ಪ್ಯಾಕೇಜ್ ಕೊಂಡಿದ್ದೆವು. ಚೀಟಿಯಲ್ಲಿ ‘ನಿಮಗೆ ಮಾತ್ರ ಮೀಸಲಾದ ಜೀಪು’ ಎಂದು ಬರೆದಿತ್ತು. ಕೊಹೊರಾ ವಲಯದ ಬಾಗಿಲಿಗೆ ಹೋದಾಗ ಅದೇ ಜೀಪಿನಲ್ಲಿ ನಮಗೆ ಪರಿಚಯವಿಲ್ಲದ ಇನ್ನಿಬ್ಬರು ಆಗಲೇ ಮುಂದಿನ ಸೀಟು ಹಿಡಿದು ಕುಳಿತಿದ್ದರು. ಅವರ ತಪ್ಪೇನೂ ಇರಲಿಲ್ಲ, ಅವರಿಗೂ ಅದೇ ಮಾತು ಕೊಟ್ಟಿದ್ದರಂತೆ. ಅದಕ್ಕಿಂತ ಹೆಚ್ಚು ಬೇಸರ ತಂದದ್ದು ಚಾಲಕನ ಅವಸರ. ಅಂಥ ಸವಾರಿ ಸಾಮಾನ್ಯವಾಗಿ ಎರಡು ಗಂಟೆಯಷ್ಟಾದರೂ ನಡೆಯಬೇಕು. ನಮ್ಮದು ಎಪ್ಪತ್ತೈದು ನಿಮಿಷಕ್ಕೆ ಮುಗಿಯಿತು. ಒಂದು ಘೇಂಡಾಮೃಗ ಕಂಡೊಡನೆ ನಿಲ್ಲಿಸಿ, ಎಲ್ಲರೂ ಮೊಬೈಲಿನಲ್ಲಿ ಫೋಟೊ ತೆಗೆಯುವಷ್ಟು ಹೊತ್ತು ಕೊಟ್ಟು, ಮತ್ತೆ ಗೇರು ಹಾಕುತ್ತಿದ್ದ. ಐದಾರು ಜೀಪುಗಳು ಒಂದೇ ಕಡೆ ಒತ್ತರಿಸಿ ನಿಂತಿದ್ದವು, ಎಲ್ಲದರ ಎಂಜಿನ್ನೂ ಚಾಲೂ ಇತ್ತು. ಇನ್ನೂ ಸ್ವಲ್ಪ ನಿಲ್ಲಿಸಪ್ಪ ಎಂದು ಹಿಂದಿಯಲ್ಲಿ ಕೇಳಿದ್ದಕ್ಕೆ, ತೋರಿಸಿಯಾಯಿತಲ್ಲ ಎಂಬ ಅರ್ಥದ ಉತ್ತರ ಬಂದಿತು. ಊರಿಗೆ ಬಂದ ಮೇಲೆ ಆ ಪ್ರವಾಸಿ ಸಂಸ್ಥೆಗೆ ಚೀಟಿಯ ಪ್ರತಿ ಕಳಿಸಿ, ನಾಲ್ಕು ಸಲ ಫೋನು ಮಾಡಿ, ಜೀಪಿನ ಬಾಬ್ತಿನ ಅರ್ಧ ಹಣವನ್ನು ವಾಪಸು ಪಡೆದೆ. ಹೋಗುವವರು ಜೀಪನ್ನು ಪ್ಯಾಕೇಜಿನಲ್ಲಿ ಸೇರಿಸಿಕೊಳ್ಳದೆ ಅಲ್ಲಿಗೆ ಹೋದ ಮೇಲೆ ಸ್ವತಃ ಗೊತ್ತುಮಾಡಿಕೊಳ್ಳುವುದು ಲೇಸು.

ಇಷ್ಟೆಲ್ಲ ಇದ್ದರೂ ಆ ಅವಸರದ ಸವಾರಿಯಲ್ಲಿಯೇ ಘೇಂಡಾಮೃಗವನ್ನು ಮೊದಲ ಬಾರಿಗೆ ಹತ್ತಿರದಿಂದ ನೋಡಿದೆವೆಂಬುದನ್ನು ಒಪ್ಪಿಕೊಳ್ಳಬೇಕು. ಸವಾರಿ ಶುರುವಾಗುವ ಮಿಹಿಮುಖ್ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ, ಸುಟ್ಟು ಮತ್ತೆ ಚಿಗುರಿದ ಹುಲ್ಲಿನ ನಡುವೆ, ದಾರಿಯಿಂದ ನಲವತ್ತು ಹೆಜ್ಜೆಯಾಚೆ ಒಂಟಿ ಗಂಡು ನಿಂತಿತ್ತು. ಚಿತ್ರಗಳಲ್ಲಿ ನೋಡಿದ ಯಾರಿಗೂ ಅದರ ಗಾತ್ರ ಸರಿಯಾಗಿ ಅಂದಾಜಾಗುವುದಿಲ್ಲ. ದೊಡ್ಡ ಗಂಡು ಎರಡು ಸಾವಿರ ಕಿಲೋಗೂ ಮೀರಿ ತೂಗುತ್ತದೆ, ಅಂದರೆ ನಾವು ಕುಳಿತಿದ್ದ ಜೀಪಿಗಿಂತ ಹೆಚ್ಚು. ಹೆಗಲು ಮತ್ತು ತೊಡೆಯ ಮೇಲೆ ಚರ್ಮ ಮಡಿಕೆಮಡಿಕೆಯಾಗಿ ಇಳಿಬಿದ್ದು, ತಗಡಿನ ಹಲಗೆಗಳನ್ನು ಜೋಡಿಸಿ ಹೊದಿಸಿದಂತೆ ತೋರುತ್ತದೆ, ಆ ಹಲಗೆಗಳ ಮೇಲೆ ಗುಬಟುಗುಬಟಾದ ಗಂಟುಗಳಿರುತ್ತವೆ. ಅಲ್ಲಿಯವರೆಗೂ ತೂಕಡಿಸುತ್ತಿದ್ದ ಅಪ್ಪ ಎದ್ದು ಕುಳಿತು, “ಇದೇನೋ ತಮ್ಮ, ನಮ್ ಹಳೇ ಕಾಟನ್ ಮಿಲ್ಲಿನ ಬಾಯ್ಲರ್ ಇದ್ದಂಗೈತಲ್ಲ, ರಿವಿಟ್ಟು ಸೈತ ಹೊಡದಾರೆ” ಎಂದರು. ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಹತ್ತಿಯ ಗಾಡಿಗಳ ಜೊತೆ ದಾವಣಗೆರೆಗೆ ಬರುತ್ತಿದ್ದವರು ಅವರು. ಇದಕ್ಕಿಂತ ಸರಿಯಾದ ವರ್ಣನೆಯನ್ನು ನಾನು ಯಾವ ಮಾರ್ಗದರ್ಶಿ ಪುಸ್ತಿಕೆಯಲ್ಲಿಯೂ ಓದಿಲ್ಲ.

ಎರಡನೆಯ ದಿನ ಬೆಳಿಗ್ಗೆ ಬಾಗೊರಿ ವಲಯಕ್ಕೆ ನಾವೇ ಜೀಪು ಗೊತ್ತುಮಾಡಿಕೊಂಡೆವು. ಉದ್ಯಾನದಲ್ಲಿ ಪ್ರವಾಸಿಗರಿಗೆ ಮುಖ್ಯವಾಗಿ ನಾಲ್ಕು ವಲಯಗಳಿವೆ: ಮಧ್ಯದ ಕೊಹೊರಾ, ಪಶ್ಚಿಮದ ಬಾಗೊರಿ, ಪೂರ್ವದ ಅಗರಾತೊಲಿ, ಮತ್ತು ಗುಡ್ಡದ ಸೀಮೆಯ ಬುರಾಪಹಾರ್. ಜೀಪಿನ ಬಾಡಿಗೆ ವಲಯದಿಂದ ವಲಯಕ್ಕೆ ಬೇರೆಬೇರೆ. ಅದರ ಮೇಲೆ ತಲೆಗಿಷ್ಟು ಪ್ರವೇಶ ಶುಲ್ಕ, ವಾಹನದ ಶುಲ್ಕ, ಕ್ಯಾಮೆರಾ ಇದ್ದರೆ ಅದರ ಶುಲ್ಕ, ಬಂದೂಕಿನ ಕಾವಲುಗಾರರು ಜೊತೆಗೆ ಬಂದರೆ ಅವರ ಶುಲ್ಕ ಎಂದು ಪಟ್ಟಿ ಬೆಳೆಯುತ್ತದೆ. ಒಟ್ಟು ಎಷ್ಟು ಎಂದು ಬಾಯಿಮಾತಿನಲ್ಲಿ ಕೇಳದೆ ಬಾಬ್ತುವಾರು ಬರೆಸಿಕೊಳ್ಳಿ. ಬಾಡಿಗೆ ಇಡೀ ಜೀಪಿಗೆ ಆಗಿರುವುದರಿಂದ ನಾಲ್ವರಿಗಿಂತ ಆರು ಮಂದಿ ಹೋದರೆ ತಲಾ ಖರ್ಚು ಇಳಿಯುತ್ತದೆ. ಗುರುತಿನ ಚೀಟಿ ಎಲ್ಲರದ್ದೂ ಬೇಕು. ಅಪ್ಪ ತಮ್ಮ ಆಧಾರ್ ಕಾರ್ಡನ್ನು ಕೊಠಡಿಯಲ್ಲಿಯೇ ಬಿಟ್ಟು ಬಂದು, ನಾನು ಓಡಿಹೋಗಿ ತರಬೇಕಾಯಿತು.

ಈ ದಿನದ ಚಾಲಕ ಐವತ್ತರ ಆಸುಪಾಸಿನ, ಕಡಿಮೆ ಮಾತಿನ ಮನುಷ್ಯ. ಬಾಗಿಲು ದಾಟಿದ ಮೇಲೆ ಹತ್ತು ನಿಮಿಷಕ್ಕೊಮ್ಮೆ ಎಂಜಿನ್ ಆರಿಸಿ ಸುಮ್ಮನೆ ಕೂರುತ್ತಿದ್ದರು. ನಾವು ಕಂಡ ತಾಯಿ ಘೇಂಡಾಮೃಗ ಮತ್ತು ಮರಿಯ ಮುಂದೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ನಿಂತೆವು. ಮರಿಗೆ ಇನ್ನೂ ಕೊಂಬು ಮೂಡಿರಲಿಲ್ಲ. ಮೂಗಿನ ಮೇಲೆ ಒಂದು ದಪ್ಪ ಗುಬುಟು ಮಾತ್ರ ಇತ್ತು. ತಾಯಿ ಹುಲ್ಲನ್ನು ಮೇಲ್ದುಟಿಯಿಂದ ಸುತ್ತಿ ಎಳೆದು ತಿನ್ನುತ್ತಿತ್ತು, ಅದರ ಬೆನ್ನಿನ ಮೇಲೆ ಎರಡು ಗೊರವಂಕಗಳು ತಮ್ಮ ಮನೆಯ ಜಗಲಿಯೆಂಬಂತೆ ಓಡಾಡುತ್ತಿದ್ದವು. ಗಾಳಿ ನಮ್ಮ ಕಡೆಯಿಂದ ಬೀಸಿದಾಗ ತಾಯಿಯ ಕಿವಿಗಳೆರಡೂ ನೆಟ್ಟಗಾದವು. ಈ ಪ್ರಾಣಿಯ ಕಣ್ಣು ಮಂದ, ಮೂಗು ಮತ್ತು ಕಿವಿ ಚುರುಕು. ನಾವು ಅದನ್ನು ನೋಡುತ್ತಿದ್ದೇವೆಂದು ಭಾವಿಸಿಕೊಂಡಿದ್ದೆವು. ಅದು ಮಾತ್ರ ನಮ್ಮನ್ನು ಮೂಸಿ ಅಳೆಯುತ್ತಿತ್ತು.

ಜೊತೆಗಿದ್ದ ಅರಣ್ಯ ರಕ್ಷಕರು ಹಿಂದಿಯಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದು ಮಗಳಿಗೂ ಅಪ್ಪನಿಗೂ ಹೇಳುತ್ತಿದ್ದೆ. ಘೇಂಡಾಮೃಗಗಳು ಗೊತ್ತಾದ ಜಾಗದಲ್ಲಿಯೇ ಲದ್ದಿ ಹಾಕುತ್ತವೆ. ಒಂದೇ ಗುಡ್ಡೆಯನ್ನು ಹಲವು ಪ್ರಾಣಿಗಳು ಬಳಸುತ್ತವೆ, ಯಾರು ಬಂದು ಹೋದರೆಂಬ ಸುದ್ದಿ ಅವುಗಳಿಗೆ ಅದರ ವಾಸನೆಯಿಂದಲೇ ತಿಳಿಯುತ್ತದೆ. ಹೀಗೆ ಜಾಗ ಗೊತ್ತಿರುವುದೇ ಹಿಂದೆ ಕಳ್ಳಬೇಟೆಗಾರರಿಗೆ ಅನುಕೂಲವಾಗಿತ್ತು. ಕೊಂಬು ಗಂಡು ಹೆಣ್ಣು ಎರಡಕ್ಕೂ ಇರುತ್ತದೆ. ನಮಗೆ ಅಚ್ಚರಿಯಾದದ್ದೆಂದರೆ, ಗಂಡುಗಳು ಕಾದಾಡುವಾಗ ಗಾಯ ಮಾಡುವುದು ಹೆಚ್ಚಾಗಿ ಕೊಂಬಿನಿಂದಲ್ಲವಂತೆ, ಕೆಳದವಡೆಯ ಕೋರೆಯಂಥ ಮುಂಬಲ್ಲುಗಳಿಂದ. ಗರ್ಭ ಹದಿನೈದು-ಹದಿನಾರು ತಿಂಗಳು ಎಂದಾಗ ಅಪ್ಪ, ಎಮ್ಮೆಗೆ ಹತ್ತೇ ತಿಂಗಳು ಎಂದು ಲೆಕ್ಕ ಹಾಕಿ, ಅದಕ್ಕೇ ಇವು ಕಡಿಮೆ ಎಂದು ತಲೆಯಾಡಿಸಿದರು. ಆ ತೀರ್ಮಾನ ಪೂರ್ತಿ ತಪ್ಪೇನೂ ಅಲ್ಲ. ಒಂದು ಮರಿ ಬೆಳೆದು ತಾಯಿಯನ್ನು ಬಿಟ್ಟು ಹೋಗುವವರೆಗೆ ಎರಡು ಮೂರು ವರ್ಷಗಳು ಹಿಡಿಯುವ ಪ್ರಾಣಿಯನ್ನು ಗುಂಡಿಕ್ಕಿ ಕೊಂದರೆ ಆ ನಷ್ಟವನ್ನು ತುಂಬಲು ಬಹಳ ಕಾಲ ಬೇಕು.

ಆ ನಷ್ಟ ಒಮ್ಮೆ ಅಂಚಿನವರೆಗೂ ಹೋಗಿತ್ತು. 1904ರಲ್ಲಿ ವೈಸರಾಯ್ ಕರ್ಜನ್ನರ ಪತ್ನಿ ಮೇರಿ ಇಲ್ಲಿಗೆ ಬಂದು, ಒಂದೂ ಘೇಂಡಾಮೃಗ ಕಾಣದೆ, ಮೂರು ಬೆರಳಿನ ಗೊರಸಿನ ಗುರುತನ್ನಷ್ಟೇ ನೋಡಿ ಹಿಂದಿರುಗಿದರೆಂದೂ, ಆಮೇಲೆ ಅವುಗಳನ್ನು ಉಳಿಸುವಂತೆ ಗಂಡನನ್ನು ಒತ್ತಾಯಿಸಿದರೆಂದೂ ಇಲ್ಲಿ ಎಲ್ಲರೂ ಹೇಳುತ್ತಾರೆ. 1905ರಲ್ಲಿ ಮೀಸಲು ಅರಣ್ಯದ ಪ್ರಸ್ತಾಪವಾಯಿತು, 1908ರಲ್ಲಿ ಅದು ಜಾರಿಗೆ ಬಂದಿತು, 1974ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1985ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಂದು ಕಾಲಕ್ಕೆ ಬೆರಳೆಣಿಕೆಯಷ್ಟೇ ಉಳಿದಿದ್ದವೆನ್ನುವ ಜಾಗದಲ್ಲಿ 2022ರ ಗಣತಿಯ ಪ್ರಕಾರ 2,613 ಘೇಂಡಾಮೃಗಗಳಿವೆ. ಇಡೀ ಜಗತ್ತಿನಲ್ಲಿ ಈ ಜಾತಿಯವು ಇರುವುದು ನಾಲ್ಕು ಸಾವಿರದ ಆಸುಪಾಸಿನಲ್ಲಿ. ಅಂದರೆ ಮೂರರಲ್ಲಿ ಎರಡು ಪಾಲು ಈ ಹುಲ್ಲುಗಾವಲಿನಲ್ಲಿಯೇ ಇವೆ. 2021ರ ಸೆಪ್ಟೆಂಬರ್ 22ರಂದು ಹತ್ತಿರದ ಬೊಕಾಖಾಟ್‌ನಲ್ಲಿ ಅಸ್ಸಾಂ ಸರ್ಕಾರ ತನ್ನ ಖಜಾನೆಗಳಲ್ಲಿ ಕೂಡಿಟ್ಟಿದ್ದ 2,479 ಕೊಂಬುಗಳನ್ನು ಸುಟ್ಟುಹಾಕಿತು. ಕೊಂಬು ನಮ್ಮ ಉಗುರು ಮತ್ತು ಕೂದಲಿನಲ್ಲಿರುವ ಕೆರಟಿನ್ನೇ ಹೊರತು ಅದರಲ್ಲಿ ಔಷಧದ ಗುಣವಿಲ್ಲ ಎಂದು ಸಾರುವುದು ಅದರ ಉದ್ದೇಶವಾಗಿತ್ತು. ಮರುವರ್ಷ, 2022ರಲ್ಲಿ, ಅಸ್ಸಾಮಿನಲ್ಲಿ ಒಂದೂ ಘೇಂಡಾಮೃಗ ಬೇಟೆಗೆ ಬಲಿಯಾಗಲಿಲ್ಲ. ದಾರಿಯುದ್ದಕ್ಕೂ ಕಂಬಗಳ ಮೇಲೆ ನಿಂತ ಕಾವಲು ಮನೆಗಳು ಕಾಣುತ್ತವೆ. ಇಂಥವು ಇನ್ನೂರಕ್ಕೂ ಹೆಚ್ಚು ಇವೆ. ಒಂದರ ಮೆಟ್ಟಿಲಿನ ಮೇಲೆ ಒಬ್ಬರು ಕುಳಿತು ಬಕೆಟಿನಲ್ಲಿ ಅಂಗಿ ಒಗೆಯುತ್ತಿದ್ದರು, ಪಕ್ಕದಲ್ಲಿ ಗೋಡೆಗೆ ಬಂದೂಕು ಒರಗಿಸಿತ್ತು. ನಾವು ಕೊಟ್ಟ ಶುಲ್ಕದಲ್ಲಿ ಒಂದಿಷ್ಟಾದರೂ ಆ ಮನೆಗಳಿಗೆ ಹೋಗುವುದಾದರೆ ನನ್ನ ತಕರಾರಿಲ್ಲ.

ಮೂರನೆಯ ಸವಾರಿ ಅಗರಾತೊಲಿಗೆ. ಪ್ಯಾಕೇಜಿನ ಪ್ರವಾಸಿಗಳು ಹೆಚ್ಚಾಗಿ ಕೊಹೊರಾ ಮತ್ತು ಬಾಗೊರಿಯಲ್ಲಿಯೇ ತಿರುಗಿ ಹೋಗುತ್ತಾರೆ. ಪೂರ್ವಕ್ಕೆ ಇನ್ನೂ ಅರ್ಧ ಗಂಟೆ ಪ್ರಯಾಣ ಮಾಡಬೇಕೆಂಬ ಒಂದೇ ಕಾರಣಕ್ಕೆ ಅಗರಾತೊಲಿಯನ್ನು ಬಿಡುತ್ತಾರೆ. ಇದು ದೊಡ್ಡ ತಪ್ಪು. ನಮಗೆ ಅಲ್ಲಿ ಎರಡು ಗಂಟೆಯಲ್ಲಿ ಎದುರಾದ ಜೀಪುಗಳು ಮೂರೇ. ಸೊಹೊಲಾ ಎಂಬ ವಿಶಾಲವಾದ ಕೆರೆ ಇದೆ. ಅಲ್ಲಿನವರು ಇಂಥ ನೀರಿನ ಹರವನ್ನು ಬೀಲ್ ಎನ್ನುತ್ತಾರೆ. ನಮ್ಮ ಶಾಂತಿಸಾಗರದ ದಂಡೆಯಲ್ಲಿ ನಿಂತವರಿಗೆ ಕೆರೆಯ ಹರವು ಹೊಸದಲ್ಲ. ಆದರೆ ಒಂದೇ ನೋಟದಲ್ಲಿ ಹೆಜ್ಜಾರ್ಲೆಗಳ ಹಿಂಡು, ತಲೆಯ ಮೇಲೆ ಕಪ್ಪು ಪಟ್ಟೆಯ ಹೆಬ್ಬಾತುಗಳು, ಕುತ್ತಿಗೆಯವರೆಗೆ ನೀರಿನಲ್ಲಿ ಮುಳುಗಿದ ಘೇಂಡಾಮೃಗ, ಆಚೆ ದಡದಲ್ಲಿ ಆನೆಗಳ ಸಾಲು ಕಂಡಾಗ, ಯಾವುದನ್ನು ಮೊದಲು ನೋಡಬೇಕೆಂದು ತಿಳಿಯದೆ ಮಗಳು ದುರ್ಬೀನನ್ನು ಅತ್ತಿತ್ತ ತಿರುಗಿಸುತ್ತಲೇ ಇದ್ದಳು. ಬೂರುಗದ ಮರಗಳು ಎಲೆ ಕಳಚಿ ಕೆಂಪಗೆ ಹೂಬಿಟ್ಟಿದ್ದವು.

ಅಪ್ಪನಿಗೆ ಕಾಜಿರಂಗ ಕಾಜಿರಂಗವಾದದ್ದು ಅಗರಾತೊಲಿಯ ಎಮ್ಮೆಗಳಿಂದ. ನಮ್ಮ ಕಡೆ ಕಾಡೆಮ್ಮೆ, ಕಾಡುಕೋಣ ಎಂದರೆ ಕಾಟಿ; ಭದ್ರಾ ಕಾಡಿನಲ್ಲಿರುವುದು ಅದೇ. ಇಲ್ಲಿರುವುದು ನಿಜವಾದ ಎಮ್ಮೆ, ನಮ್ಮ ಕೊಟ್ಟಿಗೆಯ ಎಮ್ಮೆಗಳ ಮೂಲಪುರುಷ. ಜಗತ್ತಿನಲ್ಲಿ ಉಳಿದಿರುವ ಕಾಡಿನ ಎಮ್ಮೆಗಳ ಬಹುಪಾಲು ಈ ಉದ್ಯಾನದಲ್ಲಿದೆ. ಕೆಸರಿನಿಂದ ಎದ್ದು ನಿಂತ ಒಂದು ಕೋಣದ ಕೊಂಬುಗಳು ಎರಡು ಕಡೆಗೂ ಅರ್ಧಚಂದ್ರನಂತೆ ಚಾಚಿದ್ದವು. ಮೈಯಲ್ಲಿ ನಮ್ಮ ಎಮ್ಮೆಯ ಜೋಲು ಎಳ್ಳಷ್ಟೂ ಇರಲಿಲ್ಲ. ಐವತ್ತು ವರ್ಷ ಎಮ್ಮೆ ಸಾಕಿದ ಮನುಷ್ಯ ಅದನ್ನು ಕೊಂಬಿನಿಂದ ಬಾಲದವರೆಗೆ, ಜಾತ್ರೆಯಲ್ಲಿ ರಾಸು ನೋಡುವವರು ನೋಡುವ ಹಾಗೆ, ಮಾತಿಲ್ಲದೆ ನೋಡಿದರು. ಆಮೇಲೆ ನನ್ನ ಮೂಲಕ ರಕ್ಷಕರಿಗೆ ಕೇಳಿಸಿದ ಪ್ರಶ್ನೆ: “ಊರಿನ ಎಮ್ಮೆಗೆ ಇದು ಹಾರಂಗಿಲ್ಲೇನು?” ರಕ್ಷಕರು ನಕ್ಕು, ಅದೇ ಇಲ್ಲಿನ ಒಂದು ತೊಡಕು ಎಂದರು. ಅಂಚಿನ ಹಳ್ಳಿಗಳ ಎಮ್ಮೆಗಳೊಡನೆ ಬೆರೆತು ಕಾಡಿನ ತಳಿಯ ಶುದ್ಧತೆ ಕೆಡುವುದು, ಊರ ದನಗಳಿಂದ ರೋಗ ಹರಡುವುದು ಎರಡೂ ಇವೆಯಂತೆ. ಅಲ್ಲಿಂದ ಮುಂದೆ ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗದ ಎರಡು ಭಾಷೆಗಳಲ್ಲಿ ಇಬ್ಬರು ರೈತರ ಮಾತು ನಡೆಯಿತು, ಏಕೆಂದರೆ ಆ ರಕ್ಷಕರ ಮನೆಯಲ್ಲಿಯೂ ಎಮ್ಮೆಗಳಿದ್ದವು. ನಾನು ಮಧ್ಯೆ ಅನುವಾದ ಮಾಡುವುದನ್ನು ಕೈಬಿಟ್ಟೆ.

ಉದ್ಯಾನದ ಅಂಚಿನ ಗದ್ದೆಗಳಲ್ಲಿ ಭತ್ತದ ಕೂಳೆ ಒಣಗಿ ನಿಂತಿತ್ತು, ಅಲ್ಲಲ್ಲಿ ಬಿದಿರಿನ ಅಟ್ಟಣೆಗಳಿದ್ದವು. ಫಸಲಿನ ಕಾಲದಲ್ಲಿ ಆನೆ, ಘೇಂಡಾಮೃಗ, ಕಾಡುಹಂದಿ ಬರದಂತೆ ಅದರ ಮೇಲೆ ಕುಳಿತು ರಾತ್ರಿ ಕಾಯುತ್ತಾರೆ. ನಮ್ಮಲ್ಲಿ ಈಗ ಬೇಸಿಗೆಯ ನಾಟಿ ನಡೆದಿರುತ್ತದೆ, ಇಷ್ಟೊಂದು ನೀರಿರುವ ಸೀಮೆಯಲ್ಲಿ ಗದ್ದೆ ಏಕೆ ಖಾಲಿ ಬಿದ್ದಿದೆ ಎಂದು ಅಪ್ಪ ಕೇಳಿದರು. ಅದಕ್ಕೆ ಉತ್ತರ ನನಗೆ ಗೊತ್ತಿರಲಿಲ್ಲ, ಆದರೆ ಆ ನೀರಿನದೇ ಒಂದು ಕಥೆಯಿದೆ. ಬ್ರಹ್ಮಪುತ್ರ ಮಳೆಗಾಲದಲ್ಲಿ ಉದ್ಯಾನದ ಬಹುಭಾಗವನ್ನು ಮುಳುಗಿಸುತ್ತದೆ. ಹರಿಹರದ ತಗ್ಗು ಬಡಾವಣೆಗಳಿಗೆ ತುಂಗಭದ್ರೆ ನುಗ್ಗುವುದನ್ನು ನೋಡಿದವರು ಅದನ್ನು ನೂರು ಪಾಲು ಹಿಗ್ಗಿಸಿ ಕಲ್ಪಿಸಿಕೊಳ್ಳಬೇಕು. ಪ್ರಾಣಿಗಳಿಗಾಗಿ ಉದ್ಯಾನದ ಒಳಗೆ ಮಣ್ಣಿನ ಎತ್ತರದ ದಿಬ್ಬಗಳನ್ನು ಕಟ್ಟಿದ್ದಾರೆ. ಅದೂ ಸಾಲದಾದಾಗ ಅವು ಹೆದ್ದಾರಿ ದಾಟಿ ದಕ್ಷಿಣದ ಕಾರ್ಬಿ ಆಂಗ್ಲಾಂಗ್ ಗುಡ್ಡಗಳಿಗೆ ಹೋಗುತ್ತವೆ. ಪ್ರತಿ ದೊಡ್ಡ ನೆರೆಯಲ್ಲಿಯೂ ಘೇಂಡಾಮೃಗಗಳು, ಜಿಂಕೆಗಳು ಸಾಯುತ್ತವೆ. ಹಾಗಿದ್ದರೂ ನೆರೆ ಬಾರದಿದ್ದರೆ ಬೀಲ್‌ಗಳು ಬತ್ತಿ, ಹುಲ್ಲುಗಾವಲಿನಲ್ಲಿ ಮರಗಿಡ ಎದ್ದು, ಘೇಂಡಾಮೃಗಕ್ಕೆ ಮೇವೇ ಇಲ್ಲವಾಗುತ್ತದೆ. ಈ ನೆರೆಯ ಕಾರಣಕ್ಕೇ ಉದ್ಯಾನ ಮಳೆಗಾಲವಿಡೀ ಮುಚ್ಚಿರುತ್ತದೆ. ಹೋಗಲು ತಕ್ಕ ಕಾಲ ನವೆಂಬರಿನಿಂದ ಏಪ್ರಿಲ್. ಅದರಲ್ಲಿಯೂ ಫೆಬ್ರವರಿ-ಮಾರ್ಚ್ ಉತ್ತಮ. ಡಿಸೆಂಬರಿನಲ್ಲಿ ಆನೆಹುಲ್ಲು ಆಳೆತ್ತರವನ್ನೂ ಮೀರಿ ಬೆಳೆದು ನಿಂತಿರುತ್ತದೆ. ಇಲಾಖೆಯವರು ಅದನ್ನು ಸರದಿಯಂತೆ ಸುಟ್ಟ ಮೇಲೆ ಹೊಸ ಚಿಗುರು ತಿನ್ನಲು ಪ್ರಾಣಿಗಳು ಬಯಲಿಗೆ ಬರುತ್ತವೆ.

ಹೆದ್ದಾರಿಯ ಬಗ್ಗೆ ಒಂದು ಮಾತು. ಉದ್ಯಾನದ ಪಕ್ಕದಲ್ಲಿಯೇ ಲಾರಿಗಳು ಓಡುವ ರಾಷ್ಟ್ರೀಯ ಹೆದ್ದಾರಿ ಹಾದುಹೋಗುತ್ತದೆ; ಪ್ರಾಣಿಗಳು ದಾಟುವ ಕಡೆಗಳಲ್ಲಿ ಗಂಟೆಗೆ 40 ಕಿಲೋಮೀಟರ್ ಮಿತಿ ಇದೆ. ನಮ್ಮ ಬಾಡಿಗೆ ಕಾರಿನವನಿಗೆ ಅದನ್ನು ಮೂರು ಸಲ ನೆನಪಿಸಬೇಕಾಯಿತು. ನೀವೂ ನೆನಪಿಸಿ, ಸಂಕೋಚ ಬೇಡ.

ಆನೆಯ ಮೇಲೆ ಕುಳಿತು ಹೋಗುವ ಬೆಳಗಿನ ಸವಾರಿ ಕೊಹೊರಾ ಮತ್ತು ಬಾಗೊರಿಯಲ್ಲಿ ಇದೆ. ಅದರಲ್ಲಿ ಘೇಂಡಾಮೃಗದ ತೀರ ಸಮೀಪಕ್ಕೆ ಹೋಗಬಹುದೆಂದು ಹೋಗಿ ಬಂದವರು ಹೊಗಳಿದರು. ಅಪ್ಪನಿಗೆ ಏರಲು ಮಂಡಿನೋವು, ಮಗಳಿಗೆ ಆನೆಯ ಬೆನ್ನಿನ ಮೇಲೆ ಅಂಬಾರಿಯಂಥ ಪೀಠ ಬಿಗಿಯುವುದೇ ಇಷ್ಟವಿಲ್ಲ. ಹೀಗಾಗಿ ನಾವು ಹೋಗಲಿಲ್ಲ, ಅದರ ಬಗ್ಗೆ ತೀರ್ಪು ಕೊಡುವುದೂ ಇಲ್ಲ. ಜೀಪಿನಲ್ಲಿಯೂ ಮಕ್ಕಳನ್ನು ಹಿಂದಿನ ಅಂಚಿನಲ್ಲಿ ಕೂರಿಸಬೇಡಿ. 2025ರ ಜನವರಿಯಲ್ಲಿ ಬಾಗೊರಿ ವಲಯದಲ್ಲಿ ತಾಯಿ-ಮಗಳು ಓಡುವ ಜೀಪಿನಿಂದ ಘೇಂಡಾಮೃಗಗಳ ಮುಂದೆಯೇ ಬಿದ್ದು, ಅದೃಷ್ಟವಶಾತ್ ಪಾರಾದ ವಿಡಿಯೊವನ್ನು ಬಹಳ ಜನ ನೋಡಿರಬಹುದು. ಜೀಪು ತಿರುವಿನಲ್ಲಿ ಏಕಾಏಕಿ ಹೊರಳುತ್ತದೆ. ನಿಂತು ಫೋಟೊ ತೆಗೆಯುವವರು ಒಂದು ಕೈಯಲ್ಲಿ ಕಂಬಿ ಹಿಡಿದಿರಬೇಕು.

ಊಟದ ಬಗ್ಗೆ ನಮ್ಮಂಥ ಸಸ್ಯಾಹಾರಿಗಳಿಗೆ ಆತಂಕವಿರುವುದು ಸಹಜ. ಮೀನು ಮತ್ತು ಬಾತುಕೋಳಿಯ ನಾಡು ಅದು. ನಮ್ಮ ವಸತಿಗೃಹದಲ್ಲಿ ಮೊದಲ ರಾತ್ರಿ ಪನೀರು ಮತ್ತು ತಣ್ಣನೆಯ ಚಪಾತಿ ಕೊಟ್ಟರು. ಹೆಂಡತಿ ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಆ ರಾತ್ರಿ ಮಾನ ಉಳಿಸಿದವು. ಮರುದಿನ ಊರಿನ ಒಂದು ಸಣ್ಣ ಖಾನಾವಳಿಯಂಥ ಜಾಗದಲ್ಲಿ ಅಸ್ಸಾಮಿ ಥಾಲಿ ಕೇಳಿದ ಮೇಲೆ ಪರಿಸ್ಥಿತಿ ಬದಲಾಯಿತು: ಪರಿಮಳದ ಜೋಹಾ ಅಕ್ಕಿಯ ಅನ್ನ, ಬೇಳೆ, ಸಾಸಿವೆ ಎಣ್ಣೆಯಲ್ಲಿ ಕಲಸಿದ ಆಲೂಗಡ್ಡೆಯ ಪಿಟಿಕಾ, ಮತ್ತು ಖಾರ್. ಹೆಸರು ಕೇಳಿ ಅಪ್ಪ ಖುಷಿಯಿಂದ ಎರಡು ಸಲ ಹಾಕಿಸಿಕೊಂಡರು; ಅದರಲ್ಲಿ ಖಾರವೇ ಇರಲಿಲ್ಲ. ಒಣಗಿಸಿದ ಬಾಳೆಯ ಸಿಪ್ಪೆಯನ್ನು ಸುಟ್ಟು, ಬೂದಿಯಿಂದ ಸೋಸಿದ ಕ್ಷಾರದಲ್ಲಿ ಬೇಯಿಸಿದ ಪರಂಗಿಕಾಯಿ ಅದು. ನಾಲಿಗೆಗೆ ಸೋಡಾದ ರುಚಿ ಬರುತ್ತದೆ, ಎರಡನೆಯ ತುತ್ತಿಗೆ ಒಗ್ಗುತ್ತದೆ. ಬೆಳಗಿನ ತಿಂಡಿಗೆ ಸಿಕ್ಕ ಜಲಪಾನ್ ಎಂಬುದರಲ್ಲಿ ಅವಲಕ್ಕಿ, ಮಂಡಕ್ಕಿ, ಮೊಸರು, ಬೆಲ್ಲ ಇದ್ದವು. ಮಂಡಕ್ಕಿಗೆ ಒಗ್ಗರಣೆ ಹಾಕಿ ಮೆಣಸಿನಕಾಯಿ ಬೋಂಡ ಕಡಿದುಕೊಂಡು ತಿನ್ನುವ ಊರಿನವರಿಗೆ ಅದನ್ನು ಮೊಸರಿನಲ್ಲಿ ನೆನೆಸಿ ತಿನ್ನುವುದು ಅನ್ಯಾಯವೆನಿಸಬಹುದು, ಆದರೆ ಹೊಟ್ಟೆಗೆ ಹಿತ.

ಪ್ರವಾಸದ ಕೊನೆಯ ರಾತ್ರಿ ಮಗಳು ಒಂದು ಪ್ರಶ್ನೆ ಎತ್ತಿದಳು: ಒಂದು ಕೊಂಬಿನ ಪ್ರಾಣಿಗೆ ಇಷ್ಟು ದೂರ ಬಂದೆವು, ನಮ್ಮ ಜಿಲ್ಲೆಯದೇ ನಾಲ್ಕು ಕೊಂಬಿನ ಪ್ರಾಣಿಯನ್ನು ನೋಡಿದ್ದೇವೆಯೇ? ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವನ್ನು 2011ರಲ್ಲಿ ಕೊಂಡುಕುರಿಯ ವನ್ಯಧಾಮವೆಂದು ಘೋಷಿಸಿದ್ದಾರೆ. ಗಂಡಿಗೆ ಮಾತ್ರ ನಾಲ್ಕು ಕೊಂಬು, ಮೈತೂಕ ಇಪ್ಪತ್ತು ಕಿಲೋದ ಆಸುಪಾಸು, ಮನುಷ್ಯನ ಸುಳಿವು ಸಿಕ್ಕರೆ ಪೊದೆಯಲ್ಲಿ ಕರಗಿ ಹೋಗುವ ನಾಚಿಕೆಯ ಪ್ರಾಣಿ. ಹಿಂದಿರುಗಿದ ಎರಡನೆಯ ಭಾನುವಾರ ಅಲ್ಲಿಗೂ ಹೋದೆವು. ಕುರುಚಲು ಕಾಡಿನ ಅಂಚಿನಲ್ಲಿ ಬಿಸಿಲೇರುವವರೆಗೆ ಕಾದು, ಒಂದು ಮುಂಗುಸಿಯನ್ನು ನೋಡಿ ಬಂದೆವು. ಕಾಜಿರಂಗದ ಔದಾರ್ಯ ಎಂಥದೆಂದು ಪೂರ್ತಿ ತಿಳಿದದ್ದು ಆ ದಿನ.

ಇನ್ನು ಖರ್ಚಿನ ಮಾತು. ನಮ್ಮ ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ವಿಮಾನಕ್ಕೆ ಹೋಯಿತು. ಮೂರು ಜೀಪು ಸವಾರಿಗಳ ಬಾಬ್ತು ವಸತಿಯ ಬಾಬ್ತಿಗಿಂತ ಕಡಿಮೆ. ಅಷ್ಟು ಹಣ ಕೊಟ್ಟು ಅಷ್ಟು ದೂರ ಹೋದವರು ಒಂದೇ ಸವಾರಿಗೆ ತೃಪ್ತರಾಗಿ ಹಿಂದಿರುಗುವುದು ಬೆಣ್ಣೆದೋಸೆಯ ಅಂಗಡಿಗೆ ಹೋಗಿ ಚಟ್ನಿ ನೆಕ್ಕಿ ಬಂದ ಹಾಗೆ. ವಸತಿಯಲ್ಲಿ ಉಳಿಸಿ, ಸವಾರಿಗೆ ಹಾಕಿ. ಮೂರು ಸಾಧ್ಯವಾಗದಿದ್ದರೆ ಎರಡು: ಒಂದು ಬಾಗೊರಿ, ಇನ್ನೊಂದು ಅಗರಾತೊಲಿ. ಕೊಹೊರಾದ ಬಗ್ಗೆ ನನ್ನ ಅಭಿಪ್ರಾಯ ಆ ಅವಸರದ ಚಾಲಕನಿಂದ ಕೆಟ್ಟಿರಬಹುದು ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ. ಚಾಲಕರನ್ನು ಗೊತ್ತುಮಾಡುವಾಗ ಮೊದಲೇ ಎರಡು ಮಾತು ಆಡಿಕೊಳ್ಳಿ: ನಿಂತಾಗ ಎಂಜಿನ್ ಆರಿಸಬೇಕು, ಹುಲಿಗಾಗಿ ಓಡಿಸಬಾರದು. ಹುಲಿಗಳು ಕಾಜಿರಂಗದಲ್ಲಿ ಬಹಳ ಇವೆ, ಅದು 2007ರಿಂದ ಹುಲಿ ಮೀಸಲು ಪ್ರದೇಶವೂ ಹೌದು. ನಮಗೆ ಒಂದೂ ಕಾಣಲಿಲ್ಲ, ಕಾಣಲಿಲ್ಲವೆಂದು ನೆನಪಾದದ್ದು ಗುವಾಹಟಿಯ ವಿಮಾನ ನಿಲ್ದಾಣದಲ್ಲಿ.

ಬರುವ ಜನವರಿ ಕೊನೆಗೆ ನನ್ನ ಅಕ್ಕನ ಮನೆಯವರು ಹೋಗುವವರಿದ್ದಾರೆ, ಐದು ಮಂದಿ. ಆರನೆಯ ಸೀಟು ಖಾಲಿ ಇದೆ ಎಂದು ತಿಳಿದ ದಿನದಿಂದ ಅಪ್ಪ ಕಂಬಳಿಯನ್ನು ಒಗೆಸಿ ಒಣಗಿಸಿ ಇಟ್ಟುಕೊಂಡಿದ್ದಾರೆ.